ಏಳು ಗೂಟದ ಮಣ್ಣು

ನಮ್ಮ ಅತ್ತೆ ರೊಟ್ಟಿ ಬಿಟ್ಟು ಎಂಟು ತಿಂಗಳಾಗಿತ್ತು. ಜೋಳದ ಸೀಮೆಯಲ್ಲಿ ಹುಟ್ಟಿ, ಜೋಳ ತಿಂದೇ ಹಲ್ಲು ಸವೆಸಿದ ಹೆಂಗಸು. ಮಗ ಸತ್ತ ಸುದ್ದಿ ಬಂದಾಗ ಒಲೆಯ ಮುಂದೆ ಕೂತಿದ್ದಳು. ಹಂಚಿನ ಮೇಲೆ ಉಬ್ಬಿ ನಿಂತಿದ್ದ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿ, ಕೈಗೆ ಹತ್ತಿದ ಹಿಟ್ಟು ಜಾಡಿಸಿಕೊಂಡು, "ನನ್ನ ಮಗನ ಗದ್ದಿಗಿ ಮಣ್ಣು ಈ ಮನಿಗಿ ಬರೂತನಕ ನಾ ರೊಟ್ಟಿ ಮುಟ್ಟಂಗಿಲ್ಲ" ಅಂದಳು. ಅಷ್ಟೇ. ಎದೆ ಬಡಿದುಕೊಳ್ಳಲಿಲ್ಲ, ಬಾಯಿ ಮಾಡಲಿಲ್ಲ. ಅಂದಿನಿಂದ ಎರಡು ಹೊತ್ತೂ ಒಂದೊಂದು ಬಟ್ಟಲು ಅಂಬಲಿ. ದೀಪಾವಳಿ ಬರುವ ಹೊತ್ತಿಗೆ ಆಕೆಯ ಕೈಯ ಬೆಳ್ಳಿ ಕಡಗ ಮೊಳಕೈವರೆಗೆ ಏರುತ್ತಿತ್ತು.

ಸತ್ತವರು ನನ್ನ ಗಂಡ. ನನಗೆ ಮಕ್ಕಳಿಲ್ಲ, ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಮನೆಯಲ್ಲಿ ಅತ್ತೆಗೆ ನಾನು, ನನಗೆ ಅತ್ತೆ.

ನಮ್ಮದು ಅಫಜಲಪುರ ತಾಲೂಕು, ಭೀಮಾ ದಂಡೆಯ ಊರು. ನನ್ನ ಗಂಡನಿಗೆ ಎತ್ತೆಂದರೆ ಪ್ರಾಣ. ದೊಡ್ಡ ಲಡಾಯಿ ನಡೆದಿದ್ದ ಕಾಲ ಅದು. ಸರಕಾರಕ್ಕೆ ಕಟ್ಟಿಗೆ ಬಹಳ ಬೇಕಾಗಿತ್ತಂತೆ. ಚೌಡಾಪುರದ ರಸ್ತೆಗೆ ಒಬ್ಬ ಗುತ್ತಿಗೆದಾರನ ಮನುಷ್ಯ ಬಂದು, ಸಮುದ್ರದ ಕಡೆ ಕಾಳಿ ಎಂಬ ಹೊಳೆಯ ದಂಡೆಯ ಅಡವಿಯಲ್ಲಿ ದಿಮ್ಮಿ ಎಳೆಯಲು ಜೋಡೆತ್ತಿನವರು ಬೇಕು ಅಂದ. ನಮಗೇನೂ ಕಡಿಮೆ ಇರಲಿಲ್ಲ. ಹೊಲ ಇತ್ತು, ಹಗೇವಿನಲ್ಲಿ ಜೋಳ ಇತ್ತು. ಆದರೂ ಹೊರಟರು. ಬೇಡ ಅಂದೆ. "ಎತ್ತು ಮುಲಕ ನೋಡ್ಲಿ ಬೇ. ನಾ ಏನು, ಎತ್ತಿನ ಹಿಂದ ಹೋಗಾಂವ" ಎಂದು ನಕ್ಕರು. ಅತನೂರಿನ ಅವರ ಗೆಳೆಯನೊಬ್ಬ ತನ್ನ ಜೋಡಿ ಕಟ್ಟಿಕೊಂಡು ಜೊತೆಗೆ ಹೋದ. ಶಿವರಾತ್ರಿಯ ವಾರದಲ್ಲಿ ಆ ಗೆಳೆಯನೊಬ್ಬನೇ ಬಂದ. ಮೈ ಅರ್ಧವಾಗಿತ್ತು. ನಮ್ಮ ಎತ್ತಿನಲ್ಲಿ ಉಳಿದ ಒಂದನ್ನು ಹಿಡಿದುಕೊಂಡು ಬಂದು ಅಂಗಳದ ಗೂಟಕ್ಕೆ ಕಟ್ಟಿ, ನಮ್ಮ ಮುಖ ನೋಡದೆ ನಿಂತ. ಚಳಿಜ್ವರ ಅಂದ. ನಾಕನೆಯ ದಿನಕ್ಕೆ ಹೋದ ಅಂದ.

ನಮ್ಮ ಮಂದಿಯಲ್ಲಿ ಸುಡುವುದಿಲ್ಲ. ಹೋದವರನ್ನು ಮಣ್ಣಿನ ಮನೆಯಲ್ಲಿ ಪೂಜೆಗೆ ಕೂತ ಹಾಗೆ ಕೂಡಿಸಿ, ಜೀವ ಇದ್ದಾಗ ಕೊರಳಲ್ಲಿ ಕಟ್ಟಿಕೊಂಡ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಪತ್ರಿ ತುಂಬಿ ಮುಚ್ಚುತ್ತೇವೆ. ನಮ್ಮ ಮನೆತನದವರೆಲ್ಲ ನಮ್ಮ ಹೊಲದ ಬೇವಿನ ಬುಡದಲ್ಲೇ ಕೂತಿದ್ದಾರೆ. ಪರಮುಲಕದಲ್ಲಿ ಹೋದವರಿದ್ದರೆ ಅವರ ಗದ್ದಿಗೆಯ ಒಂದು ಹಿಡಿ ಮಣ್ಣು ತಂದು ಹಿರಿಯರ ಮಗ್ಗುಲಿಗೆ ಗದ್ದಿಗೆ ಕಟ್ಟುವುದು ನಮ್ಮ ಮನೆಯ ರೂಢಿ. ಅತ್ತೆ ಕಾಯುತ್ತಿದ್ದದ್ದು ಆ ಒಂದು ಹಿಡಿಗೆ.

ಮಳೆಗಾಲದಲ್ಲಿ ಆ ಹೊಳೆಯ ಕಡೆ ಯಾರೂ ಸುಳಿಯಲಾರರು ಎಂದು ಗೆಳೆಯ ಹೇಳಿದ್ದರಿಂದ ದೀಪಾವಳಿ ಮುಗಿಯುವವರೆಗೆ ಕಾದೆವು. ಜಿಡಗಾದ ಕಡೆಯಿಂದ ನನ್ನ ಅಣ್ಣ ಬಂದ. ಅಣ್ಣ, ನಾನು, ಗೆಳೆಯ, ಮೂವರು. ಹೊರಡುವ ದಿನ ಅತ್ತೆ ತಾನೇ ಕೂತು ನಮ್ಮ ಬುತ್ತಿಗೆ ರೊಟ್ಟಿ ಬಡಿದಳು. ತಾನು ತಿನ್ನದ ರೊಟ್ಟಿ. ನಾನು ಬಡಿಯುತ್ತೇನೆ ಅಂದರೆ, "ನೀ ಬಡದವು ಎರಡು ದಿನಕ್ಕ ಮುರೀತಾವ, ನನ್ನವು ಎಂಟು ದಿನ ಇರ್ತಾವ" ಅಂದಳು. ಆ ಬಿಂಕ ಇನ್ನೂ ಇತ್ತು, ದೇವರು ಅದನ್ನಾದರೂ ಉಳಿಸಿದ್ದ.

ಗಾಣಗಾಪುರ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರಕ್ಕೆ ಹೋಗಿ, ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮೋಟಾರು. ಘಟ್ಟ ಇಳಿಯುವಾಗ ನಾನು ಕಣ್ಣು ಮುಚ್ಚಿಕೊಂಡು ಶಿವನಾಮ ಹೇಳುತ್ತಿದ್ದೆ. ಹಿಂದಿನ ಸೀಟಿನಲ್ಲಿ ಗೆಳೆಯ ಅಣ್ಣನಿಗೆ ಹೇಳುತ್ತಿದ್ದದ್ದು ಕೇಳುತ್ತಿತ್ತು.

"ಕಣ್ಣ ಕಟ್ಟಿ ಬಿಟ್ರೂ ಹೋಗಿ ನಿಂದರ್ತೇನ್ರಿ. ಹೊಳಿ ದಂಡಿಗಿ ದೊಡ್ಡ ಬಂಡಿಗಲ್ಲು ಅದ. ಅದರ ಮ್ಯಾಲ ಮಂದಿ ಕೂಡೂವಷ್ಟು ತಗ್ಗು. ಅದರ ಹಿಂದ ಹತ್ತು ಮಾರು. ತಲಿದೆಸಿಗಿ ಗೂಟಾ ಬಡದೇನಿ. ಒಣಕಟಗಿ ಗೆದ್ದಲ ತಿಂತಾವಂತ ಹಸೀದೇ ಕಡದು, ಗಟ್ಟಿ ಬಡದೇನಿ. ಅದರ ಮ್ಯಾಲ ವಿಭೂತಿ ಹಂಗ ಮೂರು ಗೆರಿ ಕೊಡಲೀಲೆ ಕೆತ್ತೇನಿ."

"ಗೂಟ ಇರ್ತದಲ್ಲಲೇ?"

"ಎಲ್ಲಿಗಿ ಹೋಗ್ತದ್ರಿ? ನಮ್ಮಪ್ಪ ಬಡದ ಗೂಟಕ್ಕ ನಾ ಇನ್ನಾ ಎತ್ತ ಕಟ್ಟಾಕತ್ತೇನಿ."

ಆ ಮಾತಿನಿಂದ ನನಗೂ ಧೈರ್ಯ ಬಂತು. ನಮ್ಮ ಮನೆಯ ಗೂಟವೂ ಮಾವನವರು ಬಡಿದದ್ದೇ.

ಮರುದಿನ ಬೆಳಕು ಹರಿಯುವ ಮೊದಲೇ ಕಾಳಿ ಹೊಳೆಯ ದೋಣಿ ಹತ್ತಿದೆವು. ಅಂಬಿಗ ಮುದುಕ. ಕೊಂಕಣಿ ಆಡುವವನು, ನಮ್ಮ ಜೊತೆ ಮಾತ್ರ ತನಗೆ ಬಂದಷ್ಟು ಕನ್ನಡ. ನನ್ನನ್ನು "ಬಾಯಿ" ಎಂದು ಕರೆಯುತ್ತಿದ್ದ. ಹೊಳೆ ಅಂದರೆ ನನಗೆ ಭೀಮಾ ಗೊತ್ತು. ಬೇಸಗೆಯಲ್ಲಿ ಉಸುಕು, ಮಳೆಗಾಲದಲ್ಲಿ ಕೆಂಪು ನೀರು, ಎರಡೂ ಕಾಲಕ್ಕೂ ಇಳಿಜಾರಿಗೆ ಹರಿಯುವುದು. ಈ ಹೊಳೆ ಹಿಂದಕ್ಕೆ ಹರಿಯುತ್ತಿತ್ತು. ಸಮುದ್ರದಿಂದ ಅಡವಿಯ ಕಡೆಗೆ. ಒಂದು ತೆಂಗಿನ ಗರಿ ನಮ್ಮ ಜೊತೆಗೇ ಮೇಲೆ ಮೇಲೆ ಬರುತ್ತಿತ್ತು. ನಾನು ಎರಡೂ ಕೈಯಿಂದ ದೋಣಿಯ ಅಂಚು ಹಿಡಿದುಕೊಂಡೆ.

"ಹೆದರಬೇಡ ಬಾಯಿ. ಭರತಿ ಇದು. ಸಮುದ್ರ ದೂಡ್ತದೆ. ಮಧ್ಯಾಹ್ನ ತಿರುಗ್ತದೆ, ಆಗ ಅದರ ಸಂಗಡ ನಾವೂ ತಿರುಗಬೇಕು. ತಪ್ಪಿದ್ರೆ ರಾತ್ರಿ ಹುಲಿ ಸಂಗಡ ಊಟ."

"ಹುಲಿ ನಮ್ಮದನ್ನ ತಿಂತದೋ, ನಾವು ಹುಲೀದು ತಿನ್ನೂದೋ?" ಎಂದು ಅಣ್ಣ ಕೇಳಿದ.

"ಅದು ಹುಲಿಗೇ ಕೇಳಿ" ಅಂದ ಮುದುಕ.

ನಾನು ಪೂಜೆಯಾಗದೆ ಬಾಯಿಗೆ ನೀರು ಹಾಕುವವಳಲ್ಲ. ಬಿಸಿಲು ಮೂಡಿದ ಮೇಲೆ ಮುಖ ತೊಳೆದು, ಕೊರಳಿನ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು, ತಂಬಿಗೆ ಹೊಳೆಗೆ ಅದ್ದಿದೆ. ತುಟಿಗೆ ಹತ್ತಿದ ಹನಿ ಉಪ್ಪು. ಇನ್ನೊಮ್ಮೆ ನೋಡಿದೆ, ಉಪ್ಪೇ. ಇಷ್ಟು ದೊಡ್ಡ ಹೊಳೆ, ದಂಡೆಯಿಂದ ದಂಡೆಗೆ ತುಂಬಿ ನಿಂತಿದೆ, ಲಿಂಗಕ್ಕೆ ಎರೆಯಲು ಒಂದು ಹನಿ ನೀರಿಲ್ಲ. ಲಿಂಗ ಮತ್ತೆ ಕಟ್ಟಿಕೊಂಡು ಕೂತೆ. "ಹಂಗ ಎರಿ ತಂಗೀ, ಶಿವಗ ತಿಳೀತದ" ಅಂದ ಅಣ್ಣ. ನನಗೆ ಮನಸ್ಸಾಗಲಿಲ್ಲ. ಮುದುಕ ನನ್ನ ಕಡೆ ನೋಡಿ, "ಮೇಲೆ ಹೋದರೆ ಸಿಹಿ ಉಂಟು ಬಾಯಿ, ತಡಿ" ಅಂದ. ಯಾರೂ ಹೇಳದೆ ಅವನಿಗೆ ತಿಳಿಯಿತಲ್ಲ ಎಂದು ಶಿವನ ಉಪಕಾರಗಳಲ್ಲಿ ಆ ದಿನದ ಮೊದಲನೆಯದನ್ನು ಎಣಿಸಿದೆ.

ತೆಂಗು ಮುಗಿದವು, ಗದ್ದೆ ಮುಗಿದವು. ಎರಡೂ ಕಡೆಯಿಂದ ಗುಡ್ಡ ಹತ್ತಿರ ಹತ್ತಿರ ಬಂದು, ಮೇಲಿಂದ ಕೆಳಗಿನವರೆಗೆ ಹಸಿರಾಗಿ ನೀರಿಗೆ ಬಾಗಿತು. ನಮ್ಮ ಕಡೆ ಗಿಡ ಅಂದರೆ ಒಂದೊಂದು. ಅಗೋ ಬೇವು, ಇಗೋ ಜಾಲಿ, ನಡುವೆ ಆಕಾಶ. ಹೊಲದಲ್ಲಿ ನಿಂತರೆ ಮೂರು ಊರಿನ ಗುಡಿ ಕಾಣುತ್ತವೆ. ಇಲ್ಲಿ ಒಂದು ಗಿಡದ ಮೈಮೇಲೆ ಇನ್ನೊಂದು ಗಿಡ, ಅದರ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಪಾಚಿ. ಬಾವಿಯ ಹಗ್ಗದಷ್ಟು ದಪ್ಪ ಬಳ್ಳಿಗಳು. ಬೇರು ನೆಲದ ಮೇಲೇ ಎದ್ದು ದನದ ಕೊಟ್ಟಿಗೆಯ ಗೋಡೆಯ ಹಾಗೆ ನಿಂತಿದ್ದವು. ತಲೆಯ ಮೇಲೆ ಯಾವುದೋ ದೊಡ್ಡ ಹಕ್ಕಿ ಹಾರಿದರೆ ಯಾರೋ ಮೊರದಿಂದ ಜೋಳ ಕೇರಿದ ಸಪ್ಪಳ. ಚೆಂದ ಅನ್ನುವವರು ಚೆಂದ ಅನ್ನಲಿ. ನನಗೆ ಉಸಿರು ಕಟ್ಟಿತು. ಇದರೊಳಗೆ ಒಬ್ಬ ಮನುಷ್ಯ, ಅದೂ ಬಯಲಿನ ಮನುಷ್ಯ, ಕೊನೆಯ ನಾಕು ದಿನ ನಡುಗುತ್ತಾ ಮಲಗಿದ್ದನಲ್ಲ, ಒಮ್ಮೆಯಾದರೂ ಆಕಾಶ ಕಂಡಿತೋ ಇಲ್ಲವೋ ಎಂದು ಅದೊಂದೇ ವಿಚಾರ.

ಬಿಸಿಲು ನೆತ್ತಿಗೆ ಬರುವ ಮೊದಲು ಬಂಡೆ ಕಂಡಿತು. ಗೆಳೆಯ ದೋಣಿಯಲ್ಲೇ ಎದ್ದು ನಿಂತು, "ಅಕಾ, ಅಲ್ಲಿ ಅದ! ಹೇಳಿದ್ದಿಲ್ಲೇನ್ರಿ!" ಎಂದು ಕೂಗಿದ. ಮುದುಕ ಹುಟ್ಟಿನಿಂದ ಅವನ ಮೊಣಕಾಲಿಗೆ ತಟ್ಟಿ ಕೂಡಿಸಿದ.

ಬಂಡೆಯ ಪಕ್ಕದಲ್ಲಿ ಸಣ್ಣ ಝರಿಯೊಂದು ಹೊಳೆಗೆ ಬೀಳುತ್ತಿತ್ತು. ಮುದುಕ ತನ್ನ ಕೈಯಿಂದಲೇ ಕುಡಿದು ತೋರಿಸಿ, "ಸಿಹಿ" ಅಂದ. ಬಂಡೆಯ ಮೇಲೆ ಕೂತು ಪೂಜೆ ಮಾಡಿಕೊಂಡೆ. ಊರಿನಿಂದ ತಂದ ಬಿಲ್ವಪತ್ರಿ ಬಾಡಿತ್ತು. ಕಣ್ಣು ಮುಚ್ಚಿದಾಗ, ಸಿಕ್ಕಿತು ಶಿವನೇ, ಇನ್ನು ಹತ್ತು ಮಾರು ಎಂದು ಸಮಾಧಾನವಾಯಿತು. ಆ ದಿನ ಸಮಾಧಾನ ಇದ್ದದ್ದು ಅಷ್ಟು ಹೊತ್ತು ಮಾತ್ರ.

ಕಣ್ಣು ತೆರೆದರೆ ಗೆಳೆಯ ಬಂಡೆಯ ಹಿಂದೆ ಹೋಗಿ ಬರುತ್ತಿದ್ದ, ಹೋಗಿ ಬರುತ್ತಿದ್ದ. ಕಟ್ಟಿಗೆ ಕಡಿಯುವವರ ಗುಡಿಸಲುಗಳಿದ್ದ ಜಾಗವನ್ನು ಹುಲ್ಲು, ಮುಳ್ಳು ಮುಚ್ಚಿದ್ದವು. ಕೊಡಲಿಯಿಂದ ಸವರಿಕೊಂಡು ಎಡಕ್ಕೆ ಹೋದ, ಬಲಕ್ಕೆ ಹೋದ. ನಾವೂ ಹಿಂದೆ ಹೋದೆವು. ಕಾಲಿಗೆ ಜಿಗಣೆ ಹತ್ತಿ ಹಿಮ್ಮಡಿಯಲ್ಲಿ ರಕ್ತ ಇಳಿಯುತ್ತಿತ್ತು. ನಾನು ಅದನ್ನು ನೋಡಿದ್ದೇ ಆಮೇಲೆ.

"ಏನಲೇ?" ಎಂದು ಅಣ್ಣ ಕೇಳಿದ.

"ಗೂಟಾನೇ ಕಾಣವಲ್ದರಿ."

"ಕಣ್ಣ ಕಟ್ಟಿ ಬಿಟ್ರೂ ನಿಂದರ್ತೇನಂದಿ. ಈಗ ತೆರದ ಕಣ್ಣಿಗೇ ಕಾಣವಲ್ದಾ?"

"ಇಲ್ಲೇ ಬಡದೇನ್ರಿ. ನನ್ನ ಮಕ್ಕಳಾಣಿ ಇಲ್ಲೇ ಬಡದೇನಿ. ಏಳು ಮಂದೀನ್ನ ಇಲ್ಲೇ ಮಣ್ಣ ಮಾಡೇವಿ, ಏಳೂ ಗೂಟ ನಾನೇ ಕಡದು ಬಡದೇನಿ."

ಏಳು ಮಂದಿ ಎಂಬ ಮಾತು ಅದೇ ಮೊದಲು ನಮ್ಮ ಕಿವಿಗೆ ಬಿದ್ದದ್ದು. ಆ ವರ್ಷ ಚಳಿಜ್ವರ ಬಿಡಾರಕ್ಕೆ ಬಿಡಾರವನ್ನೇ ಹಿಡಿದಿತ್ತಂತೆ. ನನ್ನ ಗಂಡ, ಜೇವರ್ಗಿ ಕಡೆಯ ಒಬ್ಬ ಸಾಬರ ಗಾಡಿಯವ, ತೆಲುಗು ಮಾತಾಡುವ ಗರಗಸದವರು ಮೂವರು, ಅಡಿಗೆಯ ಹೆಂಗಸು, ಇನ್ನೊಬ್ಬನ ಊರೇ ಯಾರಿಗೂ ಗೊತ್ತಿರಲಿಲ್ಲ. ನನ್ನ ಒಬ್ಬಳ ದುಃಖ ಎಂದುಕೊಂಡು ಬಂದವಳಿಗೆ ಇಲ್ಲಿ ಏಳು ಮನೆಯ ದುಃಖ.

ಮುದುಕ ದೋಣಿ ಕಟ್ಟಿ ಮೇಲೆ ಬಂದವನು ನಾವು ಹುಡುಕುವುದನ್ನು ಸ್ವಲ್ಪ ಹೊತ್ತು ನೋಡಿದ. ಏನು ಹುಡುಕುತ್ತೀರಿ ಎಂದು ಕೇಳಿ, ಗೂಟ ಅಂದ ಕೂಡಲೇ, "ಹಸಿ ಗೂಟವೋ, ಒಣ ಗೂಟವೋ?" ಅಂದ.

"ಹಸೀದು."

ಮುದುಕ ನಕ್ಕ. ಕೆಟ್ಟ ನಗೆಯಲ್ಲ, ಆದರೂ ನಕ್ಕ. "ನೀವು ಒಣ ಊರಿನವರು. ಇಲ್ಲಿ ಗೂಟ ಒಣಗೂದಿಲ್ಲ. ನಿಮ್ಮ ಮುಂದೇ ನಿಂತದೆ, ನೋಡಿ."

ಎದುರಿಗೆ ಎಳೆಯ ಗಿಡಗಳಿದ್ದವು, ನನಗಿಂತ ಎತ್ತರ. ಮೈತುಂಬ ಅಗಲ ಎಲೆ. ಗೆಳೆಯ ಅವುಗಳ ನಡುವೆಯೇ ನಾಕು ಸಲ ಹಾದು ಹೋಗಿದ್ದ. ಮುದುಕ ಒಂದರ ಬುಡದ ಹುಲ್ಲು ಸರಿಸಿದ. ನೆಲದ ಹತ್ತಿರ ಕೊಡಲಿಯಲ್ಲಿ ಕಡಿದು ಚೂಪು ಮಾಡಿದ ಗುರುತು ಇನ್ನೂ ಇತ್ತು. ಬಡಿದಾಗ ಚಪ್ಪಟೆಯಾದ ತುದಿಯ ಸುತ್ತ ನಾಕು ಕೊಂಬೆ ಒಡೆದಿದ್ದವು. ಒಂದೇ ಒಂದು ಮಳೆಗಾಲದಲ್ಲಿ ಗೂಟ ಬೇರು ಬಿಟ್ಟು, ಎಲೆ ಬಿಟ್ಟು, ಗಿಡವಾಗಿತ್ತು. ಎಣಿಸಿದೆವು. ಏಳು.

ನಮ್ಮ ನಾಡಿನಲ್ಲಿ ನೆಟ್ಟ ಸಸಿಯೇ ನೂರು ಕೊಡ ನೀರು ಕುಡಿದೂ ಒಣಗುತ್ತದೆ. ಗುರುತಿಗೆಂದು ಬಡಿದ ಗೂಟ ಚಿಗುರುತ್ತದೆ ಎಂದು ಯಾರಿಗೆ ಗೊತ್ತು? ಆ ಮನುಷ್ಯನದು ತಪ್ಪೆಂದು ನನಗೆ ಅಂದೂ ಅನ್ನಿಸಲಿಲ್ಲ, ಇಂದೂ ಇಲ್ಲ. ಬಯಲಿನ ಯಾವ ಗಂಡಸಾದರೂ ಅದನ್ನೇ ಮಾಡುತ್ತಿದ್ದ. ಅಣ್ಣ ಮಾತ್ರ ಸುಮ್ಮನಿರಲಿಲ್ಲ.

"ಗುರ್ತ ಇಡ್ತೇನಂದಾಂವ ತ್ವಾಟಾ ಹಚ್ಚಿ ಬಂದಾನ ನೋಡು! ಇನ್ನ ಹಣ್ಣ ಹರ್ಕೊಂಡು ಹೋಗೂದೊಂದ ಬಾಕಿ."

"ಮೂರು ಗೆರಿ ಅದಾವ್ರಿ" ಎಂದು ಗೆಳೆಯ ಒಂದೊಂದೇ ಗಿಡದ ತೊಗಟೆ ತಡವುತ್ತಾ ಹೋದ. ಏಳರ ಮೈಯೂ ಕೆರೆದು ಹೋಗಿತ್ತು. ಯಾವುದೋ ಕೊಂಬಿನ ಮೃಗ ಬಂದು ತಿಕ್ಕಿಕೊಂಡಿದೆ ಎಂದ ಮುದುಕ. ಎಲ್ಲದರ ಮೇಲೂ ಗೆರೆ, ಮೂರೂ ಇವೆ, ಹತ್ತೂ ಇವೆ, ಗಾಯ ಮಾಯ್ದು ಉಬ್ಬಿ ನಿಂತಿವೆ. ದಿಬ್ಬ ಮಾಡಿದ ಮಣ್ಣು ಮಳೆಗೆ ಹೋಗಿ ನೆಲ ಸಪಾಟು. ಒಂದು ಸಾಲಿನಲ್ಲೂ ಇರಲಿಲ್ಲ. ಬೇರು ಎಲ್ಲಿ ದಾರಿ ಬಿಟ್ಟಿತೋ ಅಲ್ಲಿ ತೋಡಿದ್ದರು. ಗೆಳೆಯ ಒಂದು ಗಿಡದ ಹತ್ತಿರ ನಿಂತು ಇದೇ ಅಂದ. ಆಮೇಲೆ ಇನ್ನೊಂದರ ಹತ್ತಿರ ಹೋಗಿ ಇದು ಅಂದ. ಮೂರನೆಯದರ ಹತ್ತಿರ ಹೋದವನು ಕುಕ್ಕರಿಸಿ ಕೂತು, ತಲೆಯ ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡ.

ನಾನು ಅವನ ಎದುರಿಗೆ ಹೋಗಿ ಕೂತೆ. ಎಂಟು ತಿಂಗಳಿಂದ ಕೇಳಬೇಕೆಂದು ಇದ್ದದ್ದನ್ನು ಕೇಳಿದೆ.

"ಕುಂದರಿಸಿದೇನಪಾ ಅವರನ್ನ?"

ರುಮಾಲು ತೆಗೆಯದೆ ಅಂದ, "ಇಲ್ಲ ವೈನಿ."

ಅಣ್ಣ ಮುಂದೆ ಬಂದ. ನಾನು ಕೈ ಅಡ್ಡ ಹಿಡಿದೆ.

"ಊರಾಗ ಕುಂದರಿಸೇನಿ ಅಂತ ಸುಳ್ಳ ಹೇಳ್ದೆ. ಆಳ ತೋಡಾಕ ಬರವಲ್ದಾಗಿತ್ತು ವೈನಿ. ಒಂದು ಮೊಳಕ್ಕ ಬೇರು. ಕಡದ್ರ ಮತ್ತೊಂದು ಬೇರು. ನನಗೂ ಮೈಯಾಗ ಜ್ವರಾ. ಮಗ್ಗಲಾ ಮಾಡಿ, ಮೊಣಕಾಲ ಮಡಚಿ ಮಲಗಿಸಿದೆ. ಕೂಸು ಮಲಗಿಸಿದಂಗ."

"ಲಿಂಗ?"

"ಎಡಗೈಯಾಗ ಇಟ್ಟು, ಬೆರಳ ಮುಚ್ಚಿ, ಅರಿವ್ಯಾಗ ಕಟ್ಟೇನಿ. ಅದೊಂದು ಖರೆ ವೈನಿ. ಅದೊಂದು ಖರೆ."

ನಂಬಿದೆ. ನಂಬದೆ ಏನು ಮಾಡಲಿ? ಜ್ವರ ಹಿಡಿದ ಮೈಯಲ್ಲಿ ಬೇರು ಕಡಿಯುತ್ತಾ ಏಳು ಮಂದಿಗೆ ತಗ್ಗು ತೋಡಿದ ಮನುಷ್ಯ ಅವನು. ಹಾಗೆಯೇ ಬಿಟ್ಟು ಓಡಿ ಬಂದಿದ್ದರೆ ಯಾರು ಕೇಳುತ್ತಿದ್ದರು? ಕೈಯಲ್ಲಿ ಲಿಂಗ ಇದೆ, ಮೈಮೇಲೆ ಮಣ್ಣು ಇದೆ. ಎರಡನ್ನೂ ಶಿವನ ಉಪಕಾರದಲ್ಲಿ ಸೇರಿಸಿದೆ. ಆದರೆ ಎದೆ ಕೇಳಲಿಲ್ಲ. ಗಿಡದಿಂದ ಗಿಡಕ್ಕೆ ಹೋದೆ. ಮಣ್ಣಿನ ಮೇಲೆ ಕೈ ಇಟ್ಟೆ. ಹತ್ತು ವರ್ಷ ಅವರ ಮಗ್ಗುಲಿಗೆ ಮಲಗಿದವಳು, ಕೈ ಇಟ್ಟರೆ ತಿಳಿದೀತು ಎಂಬ ಆಸೆ. ಏಳೂ ಕಡೆ ಅದೇ ತಣ್ಣನೆಯ ಹಸಿ ಮಣ್ಣು. ಯಾವುದೂ ನನ್ನ ಜೊತೆ ಮಾತಾಡಲಿಲ್ಲ.

ದಂಡೆಯಿಂದ ಮುದುಕ ಕೂಗಿದ. "ಬಾಯಿ, ನೀರು ನಿಂತಿತು. ಇನ್ನು ತಿರುಗ್ತದೆ."

ಅಗೆದು ನೋಡೋಣ ಎಂದು ಅಣ್ಣ ಕೊಡಲಿ ತೆಗೆದುಕೊಂಡಿದ್ದ. ಬೇಡ ಅಂದೆ. ಏಳು ಮಂದಿಯ ನಿದ್ದೆ ಕೆಡಿಸಿ ಒಬ್ಬರನ್ನು ಹುಡುಕುವುದೆಂದರೆ ಯಾವ ಧರ್ಮ? ಆಗ ನನಗೆ ತೋಚಿದ್ದನ್ನು ಮಾಡಿದೆ. ಬಿಳಿಯ ಅರಿವೆ ಹಾಸಿ, ಪ್ರತಿ ಗಿಡದ ಬುಡದಿಂದ ಒಂದೊಂದು ಚಿಟಿಕೆ ಮಣ್ಣು ತೆಗೆದು ಅದರೊಳಗೆ ಹಾಕಿದೆ. ಏಳರಲ್ಲಿ ಒಂದು ಅವರದಿರಲೇಬೇಕು. ತೆಗೆದ ಜಾಗದಲ್ಲಿ ವಿಭೂತಿ ಇಟ್ಟೆ, ಒಂದೊಂದು ಒಣ ಪತ್ರಿ ಇಟ್ಟೆ.

ಐದನೆಯ ಗಿಡಕ್ಕೆ ಬಂದಾಗ ಗೆಳೆಯ ಮೆಲ್ಲಗೆ ಅಂದ, "ವೈನಿ, ಅದು ಜೇವರ್ಗಿ ಸಾಬಂದು ಇದ್ದೀತು."

"ಇರ್ಲಿ. ವಿಭೂತಿ ಬ್ಯಾಡಾದ್ರ ಒರಸ್ಕೋತಾನ" ಅಂದೆ. ಅವನಿಗೆ ಅಷ್ಟರಲ್ಲೂ ನಗೆ ಬಂತು. ನಕ್ಕು, ಮತ್ತೆ ಅತ್ತ.

ಏಳು ಚಿಟಿಕೆ ಸೇರಿ ಒಂದು ಸಣ್ಣ ಹಿಡಿ ಆಯಿತು. ಕೆಂಪು ಮಣ್ಣು. ನಮ್ಮ ಕರಿ ಎರೆಮಣ್ಣಿನ ಹಾಗೆ ಕೈಗೆ ಅಂಟುವುದಿಲ್ಲ.

ಇಳಿತದಲ್ಲಿ ದೋಣಿ ತಾನೇ ಓಡುತ್ತಿತ್ತು. ಅಣ್ಣ ಬುತ್ತಿ ಬಿಚ್ಚಿದ. ಪೂಜೆಯಾಗಿತ್ತು, ತಿನ್ನಬಹುದಿತ್ತು. ಅತ್ತೆಯ ರೊಟ್ಟಿ ಮುರಿದೆ. ಅದು ಆಕೆ ಹೇಳಿದ ಹಾಗೇ ಇತ್ತು, ಸ್ವಲ್ಪವೂ ಕೆಟ್ಟಿರಲಿಲ್ಲ. ಮುರಿದ ತುಂಡನ್ನು ಬುತ್ತಿಯಲ್ಲೇ ತಿರುಗಿ ಕಟ್ಟಿದೆ.

"ಮುದುಕಿಗಿ ಏನ ಹೇಳ್ತಿ?" ಎಂದು ಅಣ್ಣ ಕೇಳಿದ.

"ಆಗಿದ್ದು ಹೇಳ್ತೇನಿ."

"ಹುಚ್ಚಿ ಏನಬೇ ನೀ? ಗದ್ದಿಗಿ ಸಿಕ್ತು, ಮಣ್ಣ ತಂದೇವಿ ಅನ್ನು. ಮುಗೀತು. ಅದರಾಗ ಅವನ ಮಣ್ಣ ಇಲ್ಲೇನು? ಪೂರಾ ಸುಳ್ಳರೆ ಎಲ್ಲಿ ಆಯ್ತು?"

"ಹೌದ್ರಿ ವೈನಿ. ನಾ ಎದುರಿಗಿ ನಿಂತು ಹೌದಂತೇನಿ" ಎಂದು ಗೆಳೆಯನೂ ಅಂದ.

ಮುದುಕ ಹುಟ್ಟು ಹಾಕುತ್ತಾ ಹೊಳೆ ನೋಡುತ್ತಿದ್ದ. ನಮ್ಮ ಮಾತು ಅವನಿಗೆ ಎಷ್ಟು ತಿಳಿಯಿತೋ. ಇಳಿಯುವಾಗ ಮಾತ್ರ ಗಂಟಿನ ಕಡೆ ನೋಡಿ ಕೈ ಮುಗಿದ.

ನಮ್ಮ ಸರಹದ್ದಿನ ನಾಕಾದಲ್ಲಿ ನಿಜಾಮರ ಸುಂಕದವನು ಗಂಟು ಬಿಚ್ಚಿಸಿದ. "ಏನಿದು?" ಅಂದ. ಮಣ್ಣು ಅಂದೆ. "ನಮ್ಮಲ್ಲಿ ಮಣ್ಣು ಕಡಿಮಿ ಬಿತ್ತೇನು?" ಎಂದು ಪಕ್ಕದವನ ಜೊತೆ ನಕ್ಕು, ಅರಿವೆಗೆ ಹತ್ತಿದ ವಿಭೂತಿ ಕಂಡ ಮೇಲೆ ನಗೆ ನಿಲ್ಲಿಸಿ, ತಾನೇ ಗಂಟು ಕಟ್ಟಿ ಕೊಟ್ಟ. ಅದನ್ನೂ ಎಣಿಸಿದ್ದೇನೆ.

ಅತ್ತೆ ಬಾಗಿಲಲ್ಲೇ ಕೂತಿದ್ದಳು. ಗಂಟು ನೋಡಿದ ಕೂಡಲೇ ಗೋಡೆ ಹಿಡಿದು ಎದ್ದು, ಎರಡೂ ಕೈ ಚಾಚಿದಳು. ಆಮೇಲೆ ತಿಳಿಯಿತು, ಬೆಳಗ್ಗೆಯೇ ಜೋಳ ಬೀಸಿ ಹಿಟ್ಟು ಜರಡಿ ಹಿಡಿದು ಇಟ್ಟಿದ್ದಳು. ಕೈಗೆ ಗಂಟು ಕೊಟ್ಟೆ. ಎದೆಗೆ ಹಚ್ಚಿಕೊಂಡಳು.

"ಎಲ್ಲಿ ಕುಂತಾನ ನನ್ನ ಮಗ? ಚಲೋ ಜಾಗಾ ಐತೇನಬೇ?"

ಅಣ್ಣ ನನ್ನ ಬೆನ್ನಿಗೆ ಬೆರಳಿಂದ ತಿವಿದ. ಬಾಯಿ ತೆರೆದೆ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ. ಆ ಬಾಯಿಂದ "ಹೌದ್ರಿ ಅತ್ಯಾ" ಎಂಬ ಎರಡು ಮಾತು ಬಂದಿದ್ದರೆ ಸಾಕಿತ್ತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಗೂಟ ಚಿಗುರಿದ್ದು, ಏಳು ಗಿಡ, ಏಳು ಚಿಟಿಕೆ. ಮಗ್ಗುಲಾಗಿ ಮಲಗಿಸಿದ್ದನ್ನು ಮಾತ್ರ ಹೇಳಲಿಲ್ಲ. ಅಷ್ಟನ್ನು ನುಂಗಿಕೊಂಡೆ. ಅಷ್ಟು ನುಂಗಿದವಳು ಉಳಿದದ್ದನ್ನೂ ನುಂಗಬಹುದಿತ್ತು.

ಅತ್ತೆ ಗಂಟನ್ನು ಎದೆಯಿಂದ ತೆಗೆದಳು. "ಯಾರ್ಯಾರೋ ಮಣ್ಣ. ನನ್ನ ಮಾವ, ನನ್ನ ಗಂಡ ಕುಂತ ಜಾಗಕ್ಕ ಹ್ಯಾಂಗ ಹಾಕ್ಲಿ?" ಅಂದಳು. ಸಿಟ್ಟು ಇರಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಗಂಟನ್ನು ದೀಪದ ಗೂಡಿನಲ್ಲಿಟ್ಟು ಒಳಗೆ ಹೋಗಿ ಅಂಬಲಿಗೆ ನೀರಿಟ್ಟಳು. ಜರಡಿ ಹಿಡಿದ ಹಿಟ್ಟಿನಲ್ಲಿ ನನಗೆ, ಅಣ್ಣನಿಗೆ, ಗೆಳೆಯನಿಗೆ ರೊಟ್ಟಿ ಬಡಿದಳು.

ಆ ಗಂಟನ್ನು ಹೊಲಕ್ಕೆ ಹಾಕಗೊಡಲಿಲ್ಲ, ಬಿಸಾಡಗೊಡಲೂ ಇಲ್ಲ. ಹಬ್ಬಕ್ಕೆ ಗೂಡು ಸಾರಿಸುವಾಗ ತಾನೇ ಎತ್ತಿ ಉಡಿಯಲ್ಲಿಟ್ಟುಕೊಂಡು ಕೂಡುತ್ತಿದ್ದಳು, ಸಾರಿಸಿದ್ದು ಒಣಗಿದ ಮೇಲೆ ತಿರುಗಿ ಇಡುತ್ತಿದ್ದಳು. ನಾನು ಎಷ್ಟೋ ಸಲ ಕಾಲು ಹಿಡಿದು, "ಒಂದು ತುತ್ತ ತಿನ್ರಿ, ಪಾಪ ನನಗ ಬರ್ಲಿ" ಎಂದು ಬೇಡಿಕೊಂಡೆ. "ಮಾತ ಕೊಟ್ಟೇನಿ ಬೇ" ಅನ್ನುತ್ತಿದ್ದಳು. ಮಠದ ಅಯ್ಯನವರು ಬಂದು, ಮಣ್ಣಿಗೆಲ್ಲಿಯ ಕುಲ ತಾಯೀ ಎಂದು ಹೇಳಿದರು. ಅವರ ಕಾಲಿಗೆ ಬಿದ್ದು ಎದ್ದು, ಮತ್ತೆ ಅಂಬಲಿ ಬಟ್ಟಲನ್ನೇ ತೆಗೆದುಕೊಂಡಳು. ಆ ಬೇಸಗೆಯಲ್ಲಿ ಹಾಸಿಗೆ ಹಿಡಿದವಳು ಏಳಲಿಲ್ಲ. ಬೇನೆ ಬಹಳ ದಿನ ಕಾಡಲಿಲ್ಲ, ಅದೊಂದು ದಯೆ. ನನ್ನ ಕೈಯಿಂದ ನೀರು ಕುಡಿದಳು, ಅದೂ ಒಂದು.

ಬೇವಿನ ಬುಡದಲ್ಲಿ ಆಕೆಯನ್ನು ಕೂಡಿಸಿದರು. ಕರಿಮಣ್ಣು, ಅಡ್ಡ ಬರುವ ಬೇರಿಲ್ಲ, ಬೇಕಾದಷ್ಟು ಆಳ. ನೆಟ್ಟಗೆ ಕೂತಿದ್ದಳು. ಎಡಗೈಯಲ್ಲಿ ಲಿಂಗ ಇಟ್ಟಾಯಿತು. ಹೆಂಗಸರು ಒಬ್ಬೊಬ್ಬರೇ ಬಾಗಿ ವಿಭೂತಿ ಪತ್ರಿ ಹಾಕುತ್ತಿದ್ದರು. ನನ್ನ ಸರತಿ ಬಂದಾಗ ಸೆರಗಿನಲ್ಲಿ ಮುಚ್ಚಿಟ್ಟುಕೊಂಡ ಗಂಟನ್ನು ಪತ್ರಿಯ ಜೊತೆಗೇ ಆಕೆಯ ಉಡಿಗೆ ಇಳಿಬಿಟ್ಟೆ. ಯಾರೂ ನೋಡಲಿಲ್ಲ. ಅಣ್ಣನೊಬ್ಬ ನೋಡಿ ಮುಖ ಆಚೆ ತಿರುಗಿಸಿಕೊಂಡ.

ಬೇಡ ಎಂದವಳ ಉಡಿಗೆ ಅದನ್ನೇ ಹಾಕಿದೆ. ಆಕೆ ಕೇಳುತ್ತಾ ಎದುರಿಗೆ ನಿಂತಾಗ ಆಡಲಾರದ ಸುಳ್ಳನ್ನು ಆಕೆ ಕಣ್ಣು ಮುಚ್ಚಿದ ಮೇಲೆ ಆಡಿದ ಹಾಗಾಯಿತು. ಅಂದು ಬಾಗಿಲಲ್ಲೇ ಆಡಿದ್ದರೆ ಒಂದು ರೊಟ್ಟಿಯಾದರೂ ತಿನ್ನುತ್ತಿದ್ದಳು. ಶಿವನು ನನಗೆ ಮಾಡಿದ ಉಪಕಾರವನ್ನೆಲ್ಲ ದಿನಾ ಪೂಜೆಯ ಹೊತ್ತಿಗೆ ಎಣಿಸುತ್ತೇನೆ. ಮುದುಕನ ಸಿಹಿನೀರು, ಅವರ ಮುಚ್ಚಿದ ಬೆರಳು, ಸುಂಕದವನು ಕಟ್ಟಿ ಕೊಟ್ಟ ಗಂಟು. ಎಣಿಕೆ ಅಲ್ಲಿಗೆ ಬಂದು ನಿಲ್ಲುತ್ತದೆ. ಮುಂದೆ ಜರಡಿ ಹಿಡಿದಿಟ್ಟ ಆ ಹಿಟ್ಟು ಕಣ್ಣೆದುರು ಬರುತ್ತದೆ.